ಒಂದೇ ಡೇಟಾ, ಎರಡು ಉತ್ತರ: ಯಾವುದನ್ನು ನಂಬೋದು?

ತುಂಗೆಯ ದಡ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾನು ಮನಃಶಾಸ್ತ್ರದಲ್ಲಿ ಎಂಎಸ್‌ಸಿ ಕೊನೇ ವರ್ಷ. ಪ್ರಾಜೆಕ್ಟ್ ಇಇಜಿ ಮೇಲೆ, ಅಂದರೆ ಮೆದುಳಿನ ವಿದ್ಯುತ್ ಅಲೆಗಳನ್ನು ತಲೆಯ ಹೊರಗಿನಿಂದ ಅಳೆಯುವುದು. ತಲೆಗೆ ಎಲೆಕ್ಟ್ರೋಡ್ ಇರುವ ಟೋಪಿ ಹಾಕಿ, ಕಿವಿಗೆ ಒಂದೇ ಥರದ ಬೀಪ್ ಸದ್ದು ಕೇಳಿಸುತ್ತಾ ಹೋಗುತ್ತೇವೆ. ಯಾವಾಗಲೋ ಒಮ್ಮೆ ನಡುವೆ ಬೇರೆ ಸದ್ದು ಬರುತ್ತದೆ. ಅದು ಬಂದು ಸುಮಾರು 300 ಮಿಲಿಸೆಕೆಂಡ್ ಆದ ಮೇಲೆ ಅಲೆಯಲ್ಲಿ ಒಂದು ಉಬ್ಬು ಕಾಣುತ್ತದೆ. ಇದಕ್ಕೆ ಪಿ300 ಅನ್ನುತ್ತಾರೆ, 1965ರಿಂದ ಗೊತ್ತಿರುವ ಸಂಗತಿ. ನನ್ನ ಪ್ರಶ್ನೆ ಇಷ್ಟೇ ಇತ್ತು: ನಿದ್ದೆ ಕಮ್ಮಿ ಇರುವವರಲ್ಲಿ ಈ ಉಬ್ಬು ಚಿಕ್ಕದಾಗುತ್ತದಾ? 22 ಜನ ಸಿಕ್ಕರು. ಅರ್ಧ ಜನ ಚೆನ್ನಾಗಿ ನಿದ್ದೆ ಮಾಡುವವರು, ಇನ್ನರ್ಧ ಮಾಡದವರು.

ನಾನು ಲೆಕ್ಕ ಮಾಡಿದಾಗ ವ್ಯತ್ಯಾಸ ಬಂತು. ತುಂಬಾ ಖುಷಿಯಾಯಿತು. ಆಮೇಲೆ ಲ್ಯಾಬಿನ ಸೀನಿಯರ್ ಒಬ್ಬರಿಗೆ ಅದೇ ಫೈಲುಗಳನ್ನು ಕೊಟ್ಟೆ, ಸುಮ್ನೆ ಒಂದು ಸಲ ನೋಡಿ ಅಂತ. ಅವರಿಗೆ ವ್ಯತ್ಯಾಸ ಬರಲೇ ಇಲ್ಲ! ಕೂತು ನೋಡಿದರೆ ತೀರಾ ನಿಧಾನದ ಅಲೆಗಳನ್ನು ಕತ್ತರಿಸುವ ಫಿಲ್ಟರ್ ಅನ್ನು ನಾನು 0.1 ಹರ್ಟ್ಸ್‌ಗೆ ಇಟ್ಟಿದ್ದೆ, ಅವರು 1 ಹರ್ಟ್ಸ್‌ಗೆ. ರೆಫರೆನ್ಸ್‌ಗೆ, ಅಂದರೆ ಉಳಿದದ್ದನ್ನೆಲ್ಲ ಯಾವುದಕ್ಕೆ ಹೋಲಿಸಿ ಅಳೆಯುತ್ತೇವೋ ಅದಕ್ಕೆ, ನಾನು ಕಿವಿ ಹಿಂದಿನ ಮೂಳೆಯ ಎಲೆಕ್ಟ್ರೋಡ್ ತೆಗೆದುಕೊಂಡಿದ್ದೆ, ಅವರು ಎಲ್ಲ ಎಲೆಕ್ಟ್ರೋಡ್‌ಗಳ ಸರಾಸರಿ. ಕಣ್ಣು ಮಿಟುಕಿಸಿದರೆ ಅಲೆ ಕೆಡುತ್ತದೆ; ಅದು ಜಾಸ್ತಿ ಅಂತ ನಾನು ಇಬ್ಬರನ್ನು ಬಿಟ್ಟೆ, ಅವರು ನಾಲ್ಕು ಜನರನ್ನು. ಇದರಲ್ಲಿ ಯಾವುದೂ ಮೋಸ ಅಲ್ಲ. ಪುಸ್ತಕದಲ್ಲಿ ಎರಡೂ ರೀತಿ ಬರೆದಿರುತ್ತಾರೆ.

ಗೈಡ್ ಹತ್ತಿರ ಹೋದರೆ, "ರಿಸಲ್ಟ್ ಬಂದಿರೋದನ್ನೇ ಇಟ್ಟುಕೋಮ್ಮ" ಅಂದರು. ಅವರು ಕೆಟ್ಟವರಲ್ಲ, ನನ್ನ ಒಳ್ಳೆಯದಕ್ಕೇ ಹೇಳಿದ್ದು. ಆದರೆ ಆ ದಿನದಿಂದ ನನಗೆ ಸಮಾಧಾನವಿಲ್ಲ. ಮೆದುಳು ಅರ್ಧಂಬರ್ಧ ಮಾಹಿತಿಯಿಂದ ಊಹೆ ಮಾಡಿಕೊಂಡು ಲೋಕವನ್ನು ಕಟ್ಟಿಕೊಳ್ಳುತ್ತದೆ ಅಂತ ಕ್ಲಾಸಿನಲ್ಲಿ ಓದಿದ್ದೇವೆ. ಆ ಮೆದುಳನ್ನು ಓದುವ ನಾವೂ ಅದನ್ನೇ ಮಾಡುತ್ತಿದ್ದೇವಾ? ಹಾಗಾದರೆ ನಿಜ ಯಾವುದು ಅಂತ ಗೊತ್ತಾಗೋದು ಹೇಗೆ? ತಿಳಿದವರು ಹೇಳಿ.

ಲೆಕ್ಕದ ಪುಸ್ತಕ

ಮೊದಲು ಒಂದು ಮಾತು. ಇದು ನಿಮಗೊಬ್ಬರಿಗೇ ಆಗಿರುವುದಲ್ಲ. ನಾನು ಸಂಖ್ಯಾಶಾಸ್ತ್ರದವನು, ಬೇರೆಯವರ ಡೇಟಾ ನೋಡಿಕೊಡುವುದೇ ನನ್ನ ಕೆಲಸ. ನೀವು ಕೇಳಿದ ಪ್ರಶ್ನೆಯನ್ನೇ ಇಟ್ಟುಕೊಂಡು ದೊಡ್ಡ ಪ್ರಯೋಗಗಳು ಆಗಿವೆ.

2018ರಲ್ಲಿ ಬಂದ ಒಂದು ಅಧ್ಯಯನದಲ್ಲಿ 29 ತಂಡಗಳಿಗೆ, ಒಟ್ಟು 61 ಜನಕ್ಕೆ, ಒಂದೇ ಡೇಟಾ ಕೊಟ್ಟರು. ಇಂಗ್ಲೆಂಡ್, ಜರ್ಮನಿ, ಫ್ರಾನ್ಸ್, ಸ್ಪೇನ್ ಲೀಗುಗಳಲ್ಲಿ ಆಡುವ ಫುಟ್‌ಬಾಲ್ ಆಟಗಾರರ ವಿವರ. ಪ್ರಶ್ನೆಯೂ ಒಂದೇ: ಕಪ್ಪು ಮೈಬಣ್ಣದ ಆಟಗಾರರಿಗೆ ರೆಫರಿಗಳು ಕೆಂಪು ಕಾರ್ಡ್ ಜಾಸ್ತಿ ತೋರಿಸುತ್ತಾರಾ? 20 ತಂಡಗಳು ಹೌದು, ಗಟ್ಟಿಯಾದ ಸಂಬಂಧವಿದೆ ಅಂದವು. 9 ತಂಡಗಳಿಗೆ ಅಂಥದ್ದು ಸಿಗಲಿಲ್ಲ. ವ್ಯತ್ಯಾಸ ಎಷ್ಟು ಅನ್ನುವ ಅಳತೆ 0.89ರಿಂದ 2.93ರ ತನಕ ಹರಡಿತ್ತು. ಇಲ್ಲಿ 1 ಅಂದರೆ ವ್ಯತ್ಯಾಸವೇ ಇಲ್ಲ ಅಂತ, 2.93 ಅಂದರೆ ಹೆಚ್ಚುಕಡಿಮೆ ಮೂರು ಪಟ್ಟು. ಆಟಗಾರ ಯಾವ ಜಾಗದಲ್ಲಿ ಆಡುತ್ತಾನೆ, ಯಾವ ಲೀಗ್, ರೆಫರಿ ಯಾರು, ಇದರಲ್ಲಿ ಯಾವುದನ್ನು ಲೆಕ್ಕಕ್ಕೆ ಸೇರಿಸಬೇಕು ಅನ್ನುವುದರಲ್ಲೇ 29 ತಂಡಗಳು 21 ಬೇರೆ ಬೇರೆ ಜೋಡಣೆ ಮಾಡಿದ್ದವು. ನನಗೆ ಮನಸ್ಸಿಗೆ ನಾಟಿದ್ದು ಇದು: ಅನುಭವ ಜಾಸ್ತಿ ಇದ್ದವರು ಒಂದು ಕಡೆ, ಕಮ್ಮಿ ಇದ್ದವರು ಇನ್ನೊಂದು ಕಡೆ ಅಂತ ಆಗಲಿಲ್ಲ. ಮೊದಲೇ ಯಾರಿಗೆ ಏನು ನಂಬಿಕೆ ಇತ್ತು ಅನ್ನುವುದರಿಂದಲೂ ಈ ಹರವು ಅರ್ಥವಾಗಲಿಲ್ಲ.

ಇದು ಫುಟ್‌ಬಾಲ್ ಆಯಿತು, ಮೆದುಳಿನದ್ದಕ್ಕೆ ಬನ್ನಿ. 2020ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. 108 ಜನ ಎಫ್‌ಎಂಆರ್‌ಐ ಯಂತ್ರದಲ್ಲಿ (ಮೆದುಳಿನ ಯಾವ ಭಾಗ ಕೆಲಸ ಮಾಡುತ್ತಿದೆ ಅಂತ ತೋರಿಸುವ ಸ್ಕ್ಯಾನ್) ಮಲಗಿ, ಇಷ್ಟು ಗೆಲ್ಲಬಹುದು ಇಷ್ಟು ಸೋಲಬಹುದು ಅನ್ನುವ ಪಂದ್ಯಗಳನ್ನು ಒಪ್ಪುವುದೋ ಬೇಡವೋ ಅಂತ ತೀರ್ಮಾನ ಮಾಡಿದ್ದರು. ಆ ಡೇಟಾವನ್ನು 70 ತಂಡಗಳಿಗೆ ಕೊಟ್ಟು, 9 ಹೇಳಿಕೆಗಳಲ್ಲಿ ಯಾವುದು ಸರಿ ಯಾವುದು ಅಲ್ಲ ಹೇಳಿ ಅಂದರು. 70ರಲ್ಲಿ ಯಾವ ಎರಡು ತಂಡಗಳೂ ಪೂರ್ತಿ ಒಂದೇ ದಾರಿಯಲ್ಲಿ ಹೋಗಲಿಲ್ಲ. ಕೆಲವು ಹೇಳಿಕೆಗಳಲ್ಲಿ ಹೆಚ್ಚಿನವರದ್ದು ಒಂದೇ ಮಾತು. ಉಳಿದವುಗಳಲ್ಲಿ ಉತ್ತರ ಒಡೆದುಹೋಯಿತು.

ಆದರೆ ಆ ಪೇಪರಿನಲ್ಲೇ ಇನ್ನೊಂದು ವಿಷಯ ಇದೆ, ಜನ ಅದನ್ನು ಅಷ್ಟಾಗಿ ಹೇಳುವುದಿಲ್ಲ. ಕೊನೆಯ ಹೌದು, ಅಲ್ಲ ಬಿಟ್ಟು, ಅದಕ್ಕೂ ಮುಂಚಿನ ಹಂತದ ನಕ್ಷೆಗಳನ್ನು ಪಕ್ಕಪಕ್ಕ ಇಟ್ಟರೆ ಬಹಳಷ್ಟು ತಂಡಗಳ ನಕ್ಷೆಗಳು ಒಂದನ್ನೊಂದು ಚೆನ್ನಾಗಿಯೇ ಹೋಲುತ್ತಿದ್ದವು. ಅಂದರೆ ನೋಡಿದ್ದು ಹೆಚ್ಚುಕಡಿಮೆ ಒಂದೇ, ಗೆರೆ ಎಲ್ಲಿ ಎಳೆದರು ಅನ್ನುವುದರಲ್ಲಿ ಬೇರೆಯಾದರು. ನೀವೂ ಮೊದಲು ಅದನ್ನು ನೋಡಿ. ನಿಮ್ಮ ಅಲೆಯನ್ನೂ ನಿಮ್ಮ ಸೀನಿಯರ್ ಅಲೆಯನ್ನೂ ಒಂದರ ಮೇಲೊಂದು ಇಟ್ಟು ನೋಡಿದ್ದೀರಾ? ಪಿ ವ್ಯಾಲ್ಯೂ (ವ್ಯತ್ಯಾಸವೇ ಇಲ್ಲದಿದ್ದರೂ ಆಕಸ್ಮಿಕವಾಗಿ ಇಷ್ಟು ಕಾಣುವ ಸಾಧ್ಯತೆ; ಸಾಮಾನ್ಯವಾಗಿ 0.05ಕ್ಕಿಂತ ಕಮ್ಮಿ ಇದ್ದರೆ ವ್ಯತ್ಯಾಸ ಬಂತು ಅನ್ನುತ್ತಾರೆ) ಒಬ್ಬರಿಗೆ 0.04, ಇನ್ನೊಬ್ಬರಿಗೆ 0.07 ಬಂದಿದ್ದರೆ ಅದನ್ನು ಎರಡು ಉತ್ತರ ಅಂತ ಕರೆಯಲು ನಾನು ಒಪ್ಪುವುದಿಲ್ಲ.

ದೃಷ್ಟಿ ಹಾಸನ

ನಾನು ಸಂಶೋಧಕಿ ಅಲ್ಲ, ಕಣ್ಣಿನ ಪರೀಕ್ಷೆ ಮಾಡುವ ಕೆಲಸ. ಆದರೆ "ಮೆದುಳು ಊಹೆ ಮಾಡಿಕೊಳ್ಳುತ್ತದೆ" ಅನ್ನುವುದನ್ನು ನಾನು ದಿನಾ ನೋಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಎಡಗಡೆ ಒಂದು ಕೂಡಿಸುವ ಗುರುತು ಬರೆಯಿರಿ, ಅದರಿಂದ 8 ಸೆಂಟಿಮೀಟರ್ ಬಲಕ್ಕೆ ಒಂದು ಕಪ್ಪು ಚುಕ್ಕೆ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಗುರುತನ್ನೇ ನೋಡುತ್ತಾ ಹಾಳೆಯನ್ನು ಮುಖದಿಂದ ಒಂದಡಿ ದೂರದಲ್ಲಿ ಹಿಡಿದು ನಿಧಾನಕ್ಕೆ ಹಿಂದೆ ಮುಂದೆ ಮಾಡಿ. ಒಂದು ಕಡೆ ಚುಕ್ಕೆ ಮಾಯವಾಗುತ್ತದೆ. ಕಣ್ಣಿನಿಂದ ನರ ಹೊರಗೆ ಹೋಗುವ ಜಾಗದಲ್ಲಿ ಬೆಳಕು ಹಿಡಿಯುವ ಜೀವಕೋಶಗಳೇ ಇಲ್ಲ, ಅದಕ್ಕೆ. ಇದಕ್ಕಿಂತ ಮುಖ್ಯ ಏನು ಅಂದರೆ, ಆ ಜಾಗದಲ್ಲಿ ನಿಮಗೆ ತೂತು ಕಾಣುವುದಿಲ್ಲ. ಬಿಳಿ ಹಾಳೆ ಕಾಣುತ್ತದೆ. ಮೆದುಳು ಸುತ್ತಲಿನ ಬಿಳಿಯನ್ನು ತಂದು ಅಲ್ಲಿ ತುಂಬುತ್ತದೆ. ಪ್ರತಿ ಕಣ್ಣಿನಲ್ಲೂ ಮಂದ ಬೆಳಕು ಹಿಡಿಯುವ ರಾಡ್ ಕೋಶಗಳು ಸುಮಾರು 12 ಕೋಟಿ, ಬಣ್ಣ ಹಿಡಿಯುವ ಕೋನ್ ಕೋಶಗಳು 60 ಲಕ್ಷ ಇವೆ. ಅದನ್ನೆಲ್ಲ ಹೊತ್ತು ಹೋಗುವ ನರದಲ್ಲಿ ಇರುವುದು ಸುಮಾರು 10 ಲಕ್ಷ ಎಳೆ ಮಾತ್ರ. ಅಷ್ಟನ್ನು ಅಷ್ಟರೊಳಗೆ ಕಳಿಸಬೇಕಾದರೆ ಆರಿಸಲೇಬೇಕು, ಬಿಡಲೇಬೇಕು, ಆಮೇಲೆ ಊಹಿಸಲೇಬೇಕು.

ಇದು ಆಟದ ಮಾತಲ್ಲ. ಗ್ಲಾಕೋಮಾ (ಕಣ್ಣಿನ ನರ ನಿಧಾನಕ್ಕೆ ಹಾಳಾಗುವ ರೋಗ) ಇರುವವರು ನಮ್ಮಲ್ಲಿಗೆ ಎಷ್ಟು ತಡವಾಗಿ ಬರುತ್ತಾರೆ ಗೊತ್ತಾ? ಪಕ್ಕದ ನೋಟ ಬಹಳಷ್ಟು ಹೋಗಿರುತ್ತದೆ, ಆದರೂ "ಎಲ್ಲ ಚೆನ್ನಾಗಿ ಕಾಣಿಸ್ತದಲ್ಲಮ್ಮ" ಅನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ ಅವರು. ಕಪ್ಪು ಕಲೆ ಅಂತ ಅವರಿಗೆ ಕಾಣುವುದೇ ಇಲ್ಲ. ಒಂದು ಕಣ್ಣಿಗೆ ಕಾಣದ್ದನ್ನು ಇನ್ನೊಂದು ಕಣ್ಣು ಸರಿದೂಗಿಸುತ್ತದೆ, ಉಳಿದದ್ದನ್ನು ಮೆದುಳು ತುಂಬುತ್ತದೆ. ಬಾಗಿಲಿಗೆ ಭುಜ ತಾಗಿತು, ಮೆಟ್ಟಿಲಲ್ಲಿ ಎಡವಿದೆ ಅಂತ ಬಂದಾಗ ಗೊತ್ತಾಗುವುದು. ಎಷ್ಟೋ ಸಲ ಅವರನ್ನು ಎರಡು ವರ್ಷ ಮುಂಚೆ ನೋಡಿದ್ದರೆ ಅಂತ ಹೊಟ್ಟೆ ಉರಿಯುತ್ತದೆ.

ನಿಮ್ಮ ಪ್ರಶ್ನೆಗೆ ಸಂಬಂಧ ಇರುವುದು ಈಗ ಹೇಳುವ ವಿಷಯ. ಅವರ ಅನುಭವವನ್ನು ಕೇಳಿ ನಾವು ಬಿಟ್ಟುಬಿಡುವುದಿಲ್ಲ, ಪೆರಿಮೆಟ್ರಿ ಮಾಡುತ್ತೇವೆ. ಒಂದು ಬಟ್ಟಲಿನಂಥ ಯಂತ್ರದೊಳಗೆ ಗಲ್ಲ ಇಟ್ಟು, ಒಂದು ಕಣ್ಣು ಮುಚ್ಚಿ, ನಡುವಿನ ದೀಪವನ್ನೇ ನೋಡುತ್ತಿರಬೇಕು. ಅಲ್ಲೊಂದು ಇಲ್ಲೊಂದು ಚಿಕ್ಕ ಬೆಳಕು ಬರುತ್ತದೆ, ಕಂಡರೆ ಬಟನ್ ಒತ್ತಬೇಕು. ಈ ಯಂತ್ರ ರೋಗಿಯನ್ನೂ ಪೂರ್ತಿ ನಂಬುವುದಿಲ್ಲ! ಬೇಕಂತಲೇ ಕಣ್ಣಿನ ಕುರುಡು ಚುಕ್ಕೆ, ಅಂದರೆ ಮೇಲೆ ಹೇಳಿದ ನರ ಹೊರಗೆ ಹೋಗುವ ಜಾಗ, ಇರುವ ಕಡೆಗೆ ಆಗಾಗ ಬೆಳಕು ಹಾಕುತ್ತದೆ. ಅದಕ್ಕೂ ಬಟನ್ ಒತ್ತಿದರೆ ಕಣ್ಣು ಅಲುಗಾಡಿದೆ ಅಂತ ಲೆಕ್ಕ. ಕೆಲವು ಪರೀಕ್ಷೆಗಳಲ್ಲಿ ಬೆಳಕು ಹಾಕುವ ಸದ್ದು ಮಾತ್ರ ಮಾಡಿ ಬೆಳಕನ್ನೇ ಹಾಕುವುದಿಲ್ಲ. ಆಗಲೂ ಒತ್ತಿದರೆ ಅದು ಊಹೆ. ಮೊದಲೇ ಮಂದ ಬೆಳಕು ಕಂಡಿದ್ದ ಜಾಗಕ್ಕೆ ಜೋರು ಬೆಳಕು ಹಾಕಿ, ಅದಕ್ಕೆ ಒತ್ತದೇ ಹೋದರೆ ಸುಸ್ತಾಗಿದ್ದಾರೆ ಅಂತ ಗುರುತು ಹಾಕುತ್ತದೆ. ವರದಿಯ ಮೇಲ್ಭಾಗದಲ್ಲೇ ಈ ಅಂಕಿಗಳು ಇರುತ್ತವೆ, ನಾವು ಮೊದಲು ನೋಡುವುದೇ ಅವನ್ನು. ಅವು ಸರಿ ಇಲ್ಲದಿದ್ದರೆ ಕೆಳಗಿನ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಇನ್ನೊಂದು ದಿನ ಬನ್ನಿ ಅನ್ನುತ್ತೇವೆ.

ನಿಮ್ಮ ಇಇಜಿಗೆ ಇಂಥದ್ದೊಂದು ಇಲ್ಲವಾ? ಬೆಳಕೇ ಇಲ್ಲದಾಗ ನೀವು ಬಟನ್ ಒತ್ತುತ್ತೀರಾ ಅಂತ ನೋಡುವ ದಾರಿ?

ಲೆಕ್ಕದ ಪುಸ್ತಕ

ಮೇಡಂ, ಎಷ್ಟು ಒಳ್ಳೆಯ ಮಾತು ಹೇಳಿದಿರಿ. ಇದೆ. ಮೆದುಳಿನ ಸ್ಕ್ಯಾನ್ ಮಾಡುವವರಿಗೆ ಇದನ್ನು ಕಲಿಸಿದ್ದು ಒಂದು ಸತ್ತ ಮೀನು.

2009ರಲ್ಲಿ ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಜೊತೆಗಾರರು ಒಂದು ಸಾಲ್ಮನ್ ಮೀನನ್ನು ಎಫ್‌ಎಂಆರ್‌ಐ ಯಂತ್ರದಲ್ಲಿ ಇಟ್ಟರು. ಮೀನು ಸತ್ತಿತ್ತು. ಅದಕ್ಕೆ ಮನುಷ್ಯರ ಫೋಟೋಗಳನ್ನು ತೋರಿಸಿ, ಇವರ ಮನಸ್ಸಿನಲ್ಲಿ ಏನಿದೆ ಹೇಳು ಅಂತ, ಮನುಷ್ಯರಿಗೆ ಮಾಡುವ ಪ್ರಯೋಗವನ್ನೇ ಹಾಗೆ ಹಾಗೇ ಮಾಡಿದರು. ಡೇಟಾವನ್ನು ಆಗ ಎಷ್ಟೋ ಜನ ಮಾಡುತ್ತಿದ್ದ ರೀತಿಯಲ್ಲೇ ಲೆಕ್ಕ ಹಾಕಿದಾಗ ಮೀನಿನ ಮೆದುಳಿನ ಒಳಗೆ ಒಂದು ಚಿಕ್ಕ ಜಾಗ "ಕೆಲಸ ಮಾಡುತ್ತಿದೆ" ಅಂತ ಬಂತು. ಕಾರಣ ಸುಲಭ. ಸ್ಕ್ಯಾನನ್ನು 8 ಸಾವಿರಕ್ಕೂ ಜಾಸ್ತಿ ಪುಟ್ಟ ಘನಗಳಾಗಿ ಒಡೆದು ಒಂದೊಂದಕ್ಕೂ ಬೇರೆ ಬೇರೆ ಪರೀಕ್ಷೆ ಮಾಡುತ್ತಾರೆ. ಸಾವಿರಕ್ಕೆ ಒಂದು ತಪ್ಪಾದರೂ ಎಂಟು ಘನ ಸುಮ್ಮಸುಮ್ಮನೆ ಹೊಳೆಯಬೇಕು. ಇಷ್ಟೊಂದು ಸಲ ಪರೀಕ್ಷೆ ಮಾಡಿದ್ದೇವೆ ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಂಡ ತಕ್ಷಣ ಮೀನು ಮತ್ತೆ ಕತ್ತಲಾಯಿತು. 2012ರಲ್ಲಿ ಇದಕ್ಕೆ ಇಗ್ ನೊಬೆಲ್ ಕೊಟ್ಟರು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ. ಜನ ನಕ್ಕರು ನಿಜ, ಆದರೆ ಆಮೇಲೆ ಆ ತಿದ್ದುಪಡಿ ಮಾಡದೆ ಪೇಪರ್ ಕಳಿಸುವುದು ಕಷ್ಟವಾಯಿತು. ಹಾಸನದ ಮೇಡಂ ಹೇಳಿದ "ಬೆಳಕು ಹಾಕದೆ ಸದ್ದು ಮಾತ್ರ ಮಾಡುವ" ಪರೀಕ್ಷೆ ಇದೇ.

ಹಳೇ ಮೇಷ್ಟ್ರು

ಮಗಳೇ, ನಾನು ಶರೀರಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ನಿನ್ನ ಗೈಡ್ ಹೇಳಿದ ಮಾತು ಓದಿ ನನಗೆ ಒಂದು ಹಳೆಯ ಪ್ರಯೋಗ ನೆನಪಾಯಿತು. ನಲವತ್ತು ವರ್ಷ ಪಾಠ ಮಾಡಿದರೂ ಇದನ್ನು ಹೇಳುವಾಗ ಪ್ರತಿಸಲವೂ ಮೈ ಜುಮ್ಮೆನ್ನುತ್ತಿತ್ತು.

ಮೂರ್ಛೆರೋಗ ಯಾವ ಔಷಧಿಗೂ ಬಗ್ಗದೆ ಇದ್ದಾಗ, ಮೆದುಳಿನ ಎಡ ಬಲ ಅರ್ಧಗಳನ್ನು ಜೋಡಿಸುವ ನರಗಳ ಕಟ್ಟನ್ನು ಕತ್ತರಿಸುವ ಆಪರೇಷನ್ ಒಂದಿತ್ತು. ಇಂಥ ರೋಗಿಗಳ ಮೇಲಿನ ಕೆಲಸಕ್ಕಾಗಿಯೇ ರೋಜರ್ ಸ್ಪೆರಿಗೆ 1981ರಲ್ಲಿ ನೊಬೆಲ್ ಬಂತು. ಅವರ ಶಿಷ್ಯ ಮೈಕೆಲ್ ಗಜಾನಿಗ 1970ರ ದಶಕದಲ್ಲಿ ಜೋಸೆಫ್ ಲೆಡೂ ಜೊತೆ ಸೇರಿ ಒಬ್ಬ ಯುವಕನಿಗೆ ಎರಡು ಚಿತ್ರಗಳನ್ನು ಒಟ್ಟಿಗೆ ಕ್ಷಣಮಾತ್ರ ತೋರಿಸಿದರು. ಎಡ ಮೆದುಳಿಗೆ ಮಾತ್ರ ಕೋಳಿಯ ಕಾಲು. ಬಲ ಮೆದುಳಿಗೆ ಮಾತ್ರ ಹಿಮ ಬಿದ್ದ ಮನೆ. ಆಮೇಲೆ ಮುಂದೆ ಕೆಲವು ಚಿತ್ರಗಳನ್ನಿಟ್ಟು, ಕಂಡದ್ದಕ್ಕೆ ಹೊಂದುವುದನ್ನು ತೋರಿಸು ಅಂದರು. ಎಡ ಮೆದುಳು ನಡೆಸುವ ಬಲಗೈ ಕೋಳಿಯನ್ನು ತೋರಿಸಿತು. ಬಲ ಮೆದುಳು ನಡೆಸುವ ಎಡಗೈ ಸಲಿಕೆಯನ್ನು ತೋರಿಸಿತು, ಹಿಮ ತೆಗೆಯಲು. ಎರಡೂ ಸರಿಯೇ.

ಈಗ ಅವನನ್ನು ಕೇಳಿದರು, ಇವೆರಡನ್ನೇ ಯಾಕಪ್ಪಾ ಆರಿಸಿದೆ? ಮಾತಾಡುವುದು ಎಡ ಮೆದುಳು. ಅದಕ್ಕೆ ಹಿಮ ಕಂಡೇ ಇಲ್ಲ, ಎಡಗೈ ಸಲಿಕೆ ತೋರಿಸಿದ್ದು ಯಾಕೆ ಅಂತ ಅದಕ್ಕೆ ಗೊತ್ತೇ ಇಲ್ಲ. ಗೊತ್ತಿಲ್ಲ ಅಂತ ಹೇಳಬಹುದಿತ್ತಲ್ಲವಾ? ಹೇಳಲಿಲ್ಲ. ಒಂದು ಕ್ಷಣವೂ ತಡವರಿಸದೆ, ಕೋಳಿ ಕಾಲು ಕೋಳಿಗೆ ಹೊಂದುತ್ತದೆ, ಕೋಳಿ ಗೂಡು ಚೊಕ್ಕ ಮಾಡುವುದಕ್ಕೆ ಸಲಿಕೆ ಬೇಕಲ್ಲ, ಅನ್ನುವ ಅರ್ಥದಲ್ಲಿ ಉತ್ತರ ಕೊಟ್ಟ. ಕಥೆಯಲ್ಲಿ ಒಂದು ಬಿರುಕಿಲ್ಲ. ಹೇಳುವವನ ಮನಸ್ಸಿನಲ್ಲಿ ಕಪಟವಿಲ್ಲ. ಆದರೆ ಪೂರ್ತಿ ತಪ್ಪು. ಎಡ ಮೆದುಳಿನ ಈ ಗುಣಕ್ಕೆ ಗಜಾನಿಗ ಕೊಟ್ಟ ಹೆಸರು "ಅರ್ಥ ಹೇಳುವವನು" ಅಂತ.

ನಮ್ಮೆಲ್ಲರ ತಲೆಯಲ್ಲೂ ಅವನು ಕೂತಿದ್ದಾನೆ ಮಗಳೇ. ಕೆಎಸ್‌ಆರ್‌ಟಿಸಿ ಬಸ್ ಸ್ಟ್ಯಾಂಡಿನ ಮೈಕಿನಲ್ಲಿ ಗೊರಗೊರ ಅಂತ ಬರುವುದರಲ್ಲಿ ನಮ್ಮ ಊರಿನ ಹೆಸರು ನಮಗೆ ಸ್ಪಷ್ಟವಾಗಿ ಕೇಳಿಸುತ್ತದೆ, ಪಕ್ಕದವನಿಗೆ ಕೇಳಿಸುವುದಿಲ್ಲ, ಯಾಕೆಂದರೆ ನಾವು ಅದಕ್ಕಾಗಿ ಕಾದಿದ್ದೇವೆ. ಅದು ಒಳ್ಳೆಯದೇ, ಇಲ್ಲದಿದ್ದರೆ ಬಸ್ಸು ತಪ್ಪುತ್ತದೆ. ಆದರೆ ರಿಸಲ್ಟ್ ನೋಡಿದ ಮೇಲೆ ಅದಕ್ಕೆ ಕಾರಣ ಹೇಳಲು ಹೊರಟಾಗ ಅವನು ಕೆಲಸಕ್ಕೆ ಇಳಿಯುತ್ತಾನೆ. ನಿನಗೆ ವ್ಯತ್ಯಾಸ ಬಂದಾಗ ನಿದ್ದೆಗೆಟ್ಟರೆ ಗಮನ ಕಮ್ಮಿಯಾಗುತ್ತದೆ ಅಂತ ವಿವರಿಸುತ್ತೀಯ. ಬರದೇ ಇದ್ದಿದ್ದರೆ? ನಿದ್ದೆಗೆಟ್ಟವರು ಗಮನ ಕೊಡಲು ಜಾಸ್ತಿ ಕಷ್ಟಪಟ್ಟು ಸರಿದೂಗಿಸಿಕೊಂಡರು ಅನ್ನುತ್ತಿದ್ದೆ. ಎರಡೂ ಕೇಳಲು ಚೆನ್ನಾಗಿವೆ. ಅದಕ್ಕೇ ಹೇಳುತ್ತೇನೆ, ವಿವರಣೆ ಚೆನ್ನಾಗಿದೆ ಅನ್ನುವ ಕಾರಣಕ್ಕೆ ಯಾವ ದಾರಿಯನ್ನೂ ಆರಿಸಬೇಡ.

ಸ್ಕ್ಯಾನ್ ರೂಮ್

ಮೇಷ್ಟ್ರೇ, ನಮಸ್ಕಾರ. ಕಾದಿದ್ದು ಕೇಳುತ್ತದೆ ಅಂದಿರಿ, ಕಾಯದೇ ಇದ್ದದ್ದು ಕಾಣುವುದಿಲ್ಲ ಅನ್ನುವುದನ್ನೂ ಸೇರಿಸಿಕೊಳ್ಳಿ. 2013ರಲ್ಲಿ 24 ರೇಡಿಯಾಲಜಿ ಡಾಕ್ಟರುಗಳಿಗೆ ಶ್ವಾಸಕೋಶದ ಸಿಟಿ ಕೊಟ್ಟು ಗಂಟು ಹುಡುಕಲು ಹೇಳಿದ್ದರು. ಕೊನೆಯ ಸ್ಕ್ಯಾನಿನಲ್ಲಿ ಒಂದು ಗೊರಿಲ್ಲಾ ಚಿತ್ರ ಸೇರಿಸಿದ್ದರು, ಸಾಮಾನ್ಯ ಗಂಟಿಗಿಂತ 48 ಪಟ್ಟು ದೊಡ್ಡದು. 20 ಜನ ಅದನ್ನು ನೋಡಲಿಲ್ಲ. ಕಣ್ಣಿನ ಚಲನೆ ಅಳೆದಾಗ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ನೋಟ ನೇರ ಅದರ ಮೇಲೇ ಬಿದ್ದಿತ್ತು. ಅವರೆಲ್ಲ ಪಳಗಿದವರು. ಗಂಟು ಹುಡುಕು ಅಂದಿದ್ದರಿಂದ ಗಂಟನ್ನೇ ಹುಡುಕಿದರು. ಅದಕ್ಕೇ ಏನು ಹುಡುಕಬೇಕು ಅಂತ ಡಾಕ್ಟರು ಬರೆದು ಕಳಿಸುವ ರಿಕ್ವೆಸ್ಟ್ ಚೀಟಿಯಲ್ಲಿ ನಾನು ನೋಡಿದರೆ, ಅಲ್ಲಿ ಬರೆದಿರುವುದು ಎಷ್ಟು ಮುಖ್ಯ ಅಂತ ಹೊಸಬರಿಗೆ ಹೇಳುತ್ತಿರುತ್ತೇನೆ.

ಚಿಪ್ಪು ಚೂರು

ನನಗೆ ಇಲ್ಲಿ ಒಂದು ತಕರಾರಿದೆ. ಎಲ್ಲರೂ ಅಳತೆ ಸರಿ ಮಾಡಿಕೊಳ್ಳಿ, ಲೆಕ್ಕ ಸರಿ ಮಾಡಿಕೊಳ್ಳಿ ಅನ್ನುತ್ತಿದ್ದೀರಿ. ಅಳತೆ, ಲೆಕ್ಕ ಎರಡೂ ಪಕ್ಕಾ ಇದ್ದರೂ ಅರ್ಥವಾಗದೆ ಹೋಗಬಹುದು.

ನಾನು ಚಿಪ್ ಡಿಸೈನ್ ಕೆಲಸದಲ್ಲಿದ್ದೇನೆ. 2017ರಲ್ಲಿ ಎರಿಕ್ ಜೋನಸ್, ಕಾನ್ರಾಡ್ ಕೋರ್ಡಿಂಗ್ ಅನ್ನುವವರು ಹಳೆಯ ಕಂಪ್ಯೂಟರುಗಳಲ್ಲಿದ್ದ 6502 ಅನ್ನುವ ಪ್ರೊಸೆಸರ್ ಚಿಪ್ಪನ್ನು ಮೆದುಳು ಅಂದುಕೊಂಡು, ನರವಿಜ್ಞಾನದವರು ಮಾಡುವ ಪರೀಕ್ಷೆಗಳನ್ನೇ ಅದಕ್ಕೆ ಮಾಡಿದರು. ಅದರಲ್ಲಿ ಮೂರೂವರೆ ಸಾವಿರ ಟ್ರಾನ್ಸಿಸ್ಟರ್, ಅಂದರೆ ಪುಟ್ಟ ಸ್ವಿಚ್ಚು, ಒಂದೊಂದರ ಸ್ಥಿತಿಯೂ ಕ್ಷಣ ಕ್ಷಣಕ್ಕೂ ಗೊತ್ತು. ಡಾಂಕಿ ಕಾಂಗ್, ಸ್ಪೇಸ್ ಇನ್ವೇಡರ್ಸ್, ಪಿಟ್‌ಫಾಲ್ ಅನ್ನುವ ಮೂರು ಆಟಗಳು ಅದರ "ನಡವಳಿಕೆ". ಒಂದೊಂದೇ ಟ್ರಾನ್ಸಿಸ್ಟರ್ ಕೆಡಿಸಿ ನೋಡಿದರು. ಕೆಲವನ್ನು ಕೆಡಿಸಿದರೆ ಡಾಂಕಿ ಕಾಂಗ್ ಒಂದು ಮಾತ್ರ ನಿಂತುಹೋಯಿತು, ಉಳಿದ ಎರಡು ಓಡಿದವು. ಹಾಗಾದರೆ ಅದು ಡಾಂಕಿ ಕಾಂಗ್ ಟ್ರಾನ್ಸಿಸ್ಟರಾ? ಚಿಪ್ ಗೊತ್ತಿರುವ ಯಾರೂ ಹಾಗೆ ಹೇಳುವುದಿಲ್ಲ. ಅದು ಕೂಡುವ ಕಳೆಯುವ ಯಾವುದೋ ಸಣ್ಣ ಕೆಲಸ ಮಾಡುತ್ತಿರುತ್ತದೆ, ಆ ಆಟ ಅದನ್ನು ಬಳಸುತ್ತಿತ್ತು ಅಷ್ಟೇ. ಪಿ300 ಉಬ್ಬು ಚಿಕ್ಕದಾಯಿತು ಅಂತ ಖಚಿತವಾದರೂ, ಅದು "ಗಮನ" ಕಮ್ಮಿಯಾದದ್ದು ಅಂತ ಹೇಳುವುದಕ್ಕೆ ನಿಮ್ಮ ಹತ್ತಿರ ಏನಿದೆ?

ತುಂಗೆಯ ದಡ

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಹಾಳೆ ಮೇಲೆ ಚುಕ್ಕೆ ಹಾಕಿ ಮಾಡಿದೆ, ಅಮ್ಮನಿಗೂ ಮಾಡಿಸಿದೆ. ಅಮ್ಮ ಚುಕ್ಕೆ ಹೋಯಿತು ಅಂತ ಕೂಗಿಕೊಂಡು, ಆಮೇಲೆ "ಹಾಗಾದ್ರೆ ಇಷ್ಟು ವರ್ಷ ಅಲ್ಲಿ ಏನು ನೋಡ್ತಿದ್ದೆ?" ಅಂತ ಕೇಳಿದರು. ನನ್ನ ಪ್ರಶ್ನೆಯೂ ಅದೇ.

ಲೆಕ್ಕದ ಪುಸ್ತಕ ಸರ್, ಎರಡು ಅಲೆ ಒಂದರ ಮೇಲೊಂದು ಇಟ್ಟು ನೋಡಿದೆ. ಆಕಾರ ಒಂದೇ ಥರ ಇದೆ, ಸೀನಿಯರ್‌ದ್ದರಲ್ಲಿ ಎತ್ತರ ಕಮ್ಮಿ. ಚಿಪ್ಪು ಚೂರು ಅವರೇ, ನೀವು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಗಮನ ಅನ್ನುವ ಪದವನ್ನು ತಲೆಬರಹದಿಂದ ತೆಗೆಯುತ್ತೇನೆ. ಆದರೆ ಬೆಳಕು ಹಾಕದೆ ಸದ್ದು ಮಾಡುವ ಪರೀಕ್ಷೆಯನ್ನು ನನ್ನ ಡೇಟಾಗೆ ಹೇಗೆ ಮಾಡಲಿ? ನನ್ನ ಹತ್ತಿರ ಸತ್ತ ಮೀನಿಲ್ಲ.

ನಕ್ಷತ್ರ ನೋಟ

ಮೀನು ಬೇಕಾಗಿಲ್ಲ, ಇರುವ ಡೇಟಾದಲ್ಲೇ ಮಾಡಬಹುದು. ನಾನು ಭೌತಶಾಸ್ತ್ರದ ಕಡೆಯವನು, ನಮ್ಮಲ್ಲಿ ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ ಅನ್ನುವುದಕ್ಕೆ ಒಂದು ಘಟನೆ ಹೇಳುತ್ತೇನೆ.

ಗುರುತ್ವ ಅಲೆ (ಆಕಾಶದಲ್ಲಿ ಭಾರಿ ಕಾಯಗಳು ಡಿಕ್ಕಿ ಹೊಡೆದಾಗ ಏಳುವ ಕಂಪನ) ಹುಡುಕುವ ಲೈಗೋ ಯಂತ್ರಗಳಲ್ಲಿ 2010ರ ಸೆಪ್ಟೆಂಬರಿನಲ್ಲಿ ಒಂದು ಜೋರಾದ ಸಂಕೇತ ಬಂತು. ಅಷ್ಟೊತ್ತಿಗೆ ಯಾರೂ ಅಂಥದ್ದನ್ನು ನೇರವಾಗಿ ಹಿಡಿದಿರಲಿಲ್ಲ. ತಿಂಗಳುಗಟ್ಟಲೆ ಕೂತು ಪರೀಕ್ಷಿಸಿದರು, ಪೇಪರನ್ನೂ ಬರೆದು ಸಿದ್ಧ ಮಾಡಿದರು. ಅವರಿಗೆಲ್ಲ ಒಂದು ವಿಷಯ ಮೊದಲೇ ಗೊತ್ತಿತ್ತು: ಕೆಲವೇ ಜನರ ಒಂದು ಗುಂಪಿಗೆ ಯಾರಿಗೂ ಹೇಳದೆ ಯಂತ್ರದೊಳಗೆ ಸುಳ್ಳು ಸಂಕೇತ ಸೇರಿಸುವ ಅಧಿಕಾರ ಕೊಟ್ಟಿದ್ದರು. 2011ರ ಮಾರ್ಚಿನಲ್ಲಿ ಎಲ್ಲರೂ ಸೇರಿದ್ದಾಗ ಲಕೋಟೆ ಒಡೆದರು. ಆ ಸಂಕೇತ ಅವರೇ ಹಾಕಿದ್ದು. ಅಷ್ಟು ಜನರ ಅಷ್ಟು ದಿನದ ಶ್ರಮ! ಆದರೆ ಅದೇ ಕಾರಣಕ್ಕೆ 2015ರ ಸೆಪ್ಟೆಂಬರ್ 14ರಂದು ನಿಜವಾದದ್ದು ಬಂದಾಗ, ಇದನ್ನು ಹಿಡಿಯುವ ದಾರಿ ಸರಿ ಇದೆ ಅಂತ ಅವರಿಗೆ ಗೊತ್ತಿತ್ತು.

ನೀವು ಎರಡು ಕೆಲಸ ಮಾಡಿ. ಮೊದಲನೆಯದು, 22 ಜನರ "ನಿದ್ದೆ ಇದೆ, ನಿದ್ದೆ ಇಲ್ಲ" ಅನ್ನುವ ಲೇಬಲ್‌ಗಳನ್ನು ಇಸ್ಪೀಟು ಕಲೆಸಿದ ಹಾಗೆ ಕಲೆಸಿ. ಈಗ ಗುಂಪುಗಳಿಗೆ ಅರ್ಥವೇ ಇಲ್ಲ, ವ್ಯತ್ಯಾಸ ಬರಬಾರದು. 1000 ಸಲ ಕಲೆಸಿ 1000 ಸಲ ಲೆಕ್ಕ ಮಾಡಿಸಿ. ಆಕಸ್ಮಿಕವಾಗಿ ನೂರಕ್ಕೆ ಐದು ಸಲ ತಪ್ಪಾದರೆ ಆಗಲಿ ಅಂತ ಶೇ 5ರ ಗೆರೆ ಇಟ್ಟಿದ್ದರೆ, 50ರ ಆಸುಪಾಸು ಸಲ ಮಾತ್ರ ಸುಮ್ಮಸುಮ್ಮನೆ ವ್ಯತ್ಯಾಸ ಬರಬೇಕು. ಜಾಸ್ತಿ ಬಂದರೆ ನಿಮ್ಮ ದಾರಿ ಬೆಳಕಿಲ್ಲದಾಗಲೂ ಬಟನ್ ಒತ್ತುತ್ತಿದೆ. ಎರಡನೆಯದು, ಲೈಗೋದವರು ಮಾಡಿದ ಹಾಗೆ ಒಂದು ಕೃತಕ ಉಬ್ಬನ್ನು, ಎತ್ತರ ನಿಮಗೆ ಗೊತ್ತಿರುವಂಥದ್ದನ್ನು, ಕಚ್ಚಾ ಡೇಟಾಗೆ ಸೇರಿಸಿ. ಎರಡೂ ದಾರಿಗಳಲ್ಲಿ ಓಡಿಸಿ. ಯಾವ ದಾರಿಯ ಕೊನೆಯಲ್ಲಿ ಅದು ಎಷ್ಟು ಉಳಿಯುತ್ತದೆ ನೋಡಿ. ಇವೆರಡನ್ನೂ ನಿಜವಾದ ಲೇಬಲ್ ನೋಡದೆಯೇ ಮಾಡಬಹುದು, ಅದೇ ಇದರ ಚೆಂದ.

ಲೆಕ್ಕದ ಪುಸ್ತಕ

ಇದನ್ನೇ ಹೇಳಬೇಕು ಅಂತಿದ್ದೆ. ಒಂದು ಸೇರಿಸುತ್ತೇನೆ. ಲೇಬಲ್ ಕಲೆಸಿದಾಗ ಒಂದೊಂದೇ ದಾರಿಯನ್ನು ಮಾತ್ರ ನೋಡಬೇಡಿ. ಎರಡು ಫಿಲ್ಟರ್, ಎರಡು ರೆಫರೆನ್ಸ್, ಜನರನ್ನು ಬಿಡುವ ಎರಡು ರೀತಿ, ಒಟ್ಟು ಎಂಟು ದಾರಿ ಆಯಿತಲ್ಲ. ಎಂಟರಲ್ಲಿ ಯಾವುದಾದರೂ ಒಂದರಲ್ಲಿ ಬಂದರೆ ಸಾಕು ಅಂತಲೂ ಎಣಿಸಿ ನೋಡಿ. "ಬಂದಿರೋದನ್ನೇ ಇಟ್ಟುಕೋ" ಅನ್ನುವ ಮಾತಿನ ಬೆಲೆ ಎಷ್ಟು ಅಂತ ಅಂಕಿಯಲ್ಲೇ ಕಾಣುತ್ತದೆ. ಅದನ್ನು ಗೈಡ್‌ಗೆ ತೋರಿಸಿ, ವಾದ ಮಾಡಬೇಕಾಗಿಲ್ಲ.

ಮುಂದಿನ ಸಲಕ್ಕೆ: ಡೇಟಾ ತೆಗೆಯುವ ಮುಂಚೆಯೇ ಯಾವ ದಾರಿ ಅಂತ ಬರೆದು ಮುದ್ರೆ ಹಾಕಿಡಿ. ಕಾರ್ಟೆಕ್ಸ್ ಅನ್ನುವ ಪತ್ರಿಕೆ 2013ರಿಂದ ಹಾಗೆ ಮೊದಲೇ ಬರೆದ ಯೋಜನೆಯನ್ನು ನೋಡಿಯೇ ಪೇಪರ್ ಒಪ್ಪಿಕೊಳ್ಳುವ ಪದ್ಧತಿ ಶುರು ಮಾಡಿತು, ರಿಸಲ್ಟ್ ಏನು ಬಂದರೂ ಸರಿ ಅಂತ. ಈಗ ಇನ್ನೂ ಎಷ್ಟೋ ಪತ್ರಿಕೆಗಳು ಮಾಡುತ್ತವೆ.

ತುಂಗೆಯ ದಡ

ಹನ್ನೊಂದು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಕಂಪ್ಯೂಟರ್ ರಾತ್ರಿಯೆಲ್ಲ ಓಡಿತು.

ಕೃತಕ ಉಬ್ಬು ಸೇರಿಸಿ ನೋಡಿದೆ. 1 ಹರ್ಟ್ಸ್ ಫಿಲ್ಟರ್ ಹಾಕಿದರೆ ಅದು ಚೆನ್ನಾಗಿಯೇ ತಗ್ಗಿಹೋಗುತ್ತದೆ. ಪಿ300 ನಿಧಾನವಾಗಿ ಏರಿ ಇಳಿಯುವ ಅಲೆ, ಆ ಫಿಲ್ಟರ್ ನಿಧಾನದ ಅಲೆಗಳನ್ನೇ ಕತ್ತರಿಸುತ್ತದೆ. ಸರಾಸರಿ ರೆಫರೆನ್ಸ್ ಇಟ್ಟರೆ ಇನ್ನೂ ಸ್ವಲ್ಪ ಕಮ್ಮಿ. ಇದನ್ನು ಸೀನಿಯರ್‌ಗೆ ತೋರಿಸಿದಾಗ ಅವರೇ ಕೂತು ಮತ್ತೆ ಓಡಿಸಿ, ಹೌದು, ಫಿಲ್ಟರ್ ವಿಷಯದಲ್ಲಿ ನಿನ್ನದೇ ಸರಿ ಅಂದರು. ಒಂದು ಕ್ಷಣ ನಾನೇ ಗೆದ್ದೆ ಅನ್ನಿಸಿತು.

ಆಮೇಲೆ ಲೇಬಲ್ ಕಲೆಸಿದೆ. ಒಂದೊಂದೇ ದಾರಿ ಹಿಡಿದರೆ 50ರ ಹತ್ತಿರವೇ ಬಂತು. ಎಂಟರಲ್ಲಿ ಯಾವುದಾದರೂ ಒಂದು ಅಂತ ಎಣಿಸಿದಾಗ ಅದರ ಎರಡರಷ್ಟನ್ನೂ ದಾಟಿತು. ಆ ಅಂಕಿ ನೋಡುತ್ತಾ ಕೂತಾಗ ನಾನು ಬಿಟ್ಟ ಆ ಇಬ್ಬರು ನೆನಪಾದರು. ನನ್ನ ನೋಟ್‌ಬುಕ್ ತೆಗೆದು ನೋಡಿದೆ. ಅವರನ್ನು ಬಿಡಬೇಕು ಅಂತ ಬರೆದ ತಾರೀಖು, ಗುಂಪುಗಳ ಅಲೆ ಮೊದಲ ಸಲ ನೋಡಿದ ತಾರೀಖಿನ ಮಾರನೇ ದಿನ. ಕಣ್ಣು ಮಿಟುಕಿಸಿದ್ದು ಜಾಸ್ತಿ ಅಂತ ಬರೆದಿದ್ದೇನೆ. ಬರೆಯುವಾಗ ಅದನ್ನು ಪೂರ್ತಿ ನಂಬಿದ್ದೆ. ಆದರೆ ಅವರಷ್ಟೇ ಮಿಟುಕಿಸಿದ ಇನ್ನೊಬ್ಬರನ್ನು ಉಳಿಸಿಕೊಂಡಿದ್ದೇನೆ. ಮೇಷ್ಟ್ರೇ, ಸಲಿಕೆ ನನ್ನ ಕೈಯಲ್ಲೂ ಇತ್ತು.

ಆ ಇಬ್ಬರನ್ನು ಮತ್ತೆ ಸೇರಿಸಿದರೆ ವ್ಯತ್ಯಾಸ ಅದೇ ಕಡೆಗೆ ಇದೆ, ಆದರೆ ಚಿಕ್ಕದು, 22 ಜನರಲ್ಲಿ ಇದೆ ಅಂತಲೂ ಇಲ್ಲ ಅಂತಲೂ ಹೇಳಲಾಗದಷ್ಟು. ಗೈಡ್‌ಗೆ ಎಂಟೂ ದಾರಿಗಳ ಪಟ್ಟಿ, ಕಲೆಸಿದ ಅಂಕಿ, ನೋಟ್‌ಬುಕ್ಕಿನ ಎರಡು ತಾರೀಖು ಎಲ್ಲ ತೋರಿಸಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಎಂಟನ್ನೂ ಹಾಕು, ಪ್ರಬಂಧ ಉದ್ದವಾದರೂ ಪರವಾಗಿಲ್ಲ ಅಂದರು. ಮುಂದಿನ ಬ್ಯಾಚಿನ ಹುಡುಗಿಯೊಬ್ಬಳು ಇದನ್ನೇ ಇನ್ನೂ 40 ಜನರ ಮೇಲೆ ಮಾಡುತ್ತಾಳಂತೆ. ಅವಳಿಗಾಗಿ ಯಾರನ್ನು ಬಿಡಬೇಕು, ಯಾಕೆ ಅನ್ನುವ ನಿಯಮವನ್ನು ನಾವಿಬ್ಬರೂ ಈಗ ಬರೆಯುತ್ತಿದ್ದೇವೆ. ಅಲೆ ಎಷ್ಟು ಎತ್ತರ ದಾಟಿದರೆ ಮಿಟುಕು ಅಂತ ಬಿಡುವುದು ಅನ್ನುವ ಮಿತಿಯನ್ನು 75 ಮೈಕ್ರೋವೋಲ್ಟ್ ಇಡುವುದಾ, 100 ಇಡುವುದಾ ಅಂತ ಜಗಳ ನಡೆದಿದೆ. ಇಇಜಿ ಮಾಡಿದವರು ಇದ್ದರೆ ಹೇಳಿ, ಸೋಮವಾರದೊಳಗೆ ಮುದ್ರೆ ಹಾಕಬೇಕು.